ಶಾಬು ಕಾಕಾ ಕುಡಿದಿರಲಿಲ್ಲ

ಶಾಬುದ್ದೀನ ಕಾಕಾ ಹುಟ್ಟಿದಾಗಿನಿಂದ ಒಂದು ಗುಟುಕು ಮದ್ಯ ಕುಡಿದವನಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮಂದಿ ಹೇಳಿದ್ದು ಬೇರೆ. ಕುಡಿದ ಅಮಲಿನಲ್ಲಿ ವೈನಿನ ಟಾಕಿಯೊಳಗೆ ಬಿದ್ದ ಎಂದರು. ಹಾಗೆ ಹೇಳಿಕೊಂಡು ತಿರುಗಿದ ಊರವರು ಒಬ್ಬರೂ ಅಲ್ಲಿರಲಿಲ್ಲ. ಟಾಕಿಯ ಬಳಿ ಇದ್ದವರು ಮೂವರು: ಕಾಕಾ, ಕಾರ್ಖಾನೆಯ ಮ್ಯಾನೇಜರ ಸುನೀಲಕುಮಾರ, ಮತ್ತು ನನ್ನ ಅಪ್ಪ ಹುಲ್ಲಪ್ಪ. ನಾನೂ ಅಲ್ಲಿರಲಿಲ್ಲ. ನೋಡದೇ ಇದ್ದದ್ದನ್ನು ಕಾಕಾನಿಂದ, ಅವನ ಹೆಂಡತಿ ದೌಲತಬಿ ಕಾಕಿಯಿಂದ, ಕೊನೆಗೆ ಅಪ್ಪನಿಂದ ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಪಕ್ಕ ಇಟ್ಟು ನೋಡಿ ಬರೆದಿದ್ದೇನೆ.

ನಮ್ಮೂರು ಹುನಗುಂದ ತಾಲೂಕಿನದು. ಕಾಕಾನ ಮನೆ ನಮ್ಮ ಮನೆಗೆ ಬೆನ್ನು ಹಚ್ಚಿಕೊಂಡಿದೆ. ನಾವು ಬೀರಪ್ಪನ ಒಕ್ಕಲು, ಅವರು ಮುಸಲ್ಮಾನರು. ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ. ಮಜ್ಜಿಗೆ ಚರಿಗೆ, ಮೊಬೈಲ್ ಚಾರ್ಜರ್, ಬೈಗುಳ ಎಲ್ಲವೂ ಅದರಲ್ಲೇ ದಾಟುತ್ತವೆ. ಅಪ್ಪ ಮತ್ತು ಕಾಕಾ ಒಟ್ಟಿಗೆ ಎಮ್ಮೆ ಕಾಯ್ದವರು, ಒಟ್ಟಿಗೆ ಸಾಲಿ ತಪ್ಪಿಸಿ ಹೊಡೆಸಿಕೊಂಡವರು.

ಕಾಕಾನ ತಂದೆಯದು ಹಗೇವು ತೆಗೆಯುವ ಕೆಲಸವಾಗಿತ್ತು. ಹಗೇವು ಎಂದರೆ ಜೋಳವನ್ನು ನೆಲದೊಳಗೆ ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಗೋಡೆಗೆ ಒಣಹುಲ್ಲು ಹಚ್ಚಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಬಳಿಯುತ್ತಿದ್ದರು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅವಸರ ಮಾಡಿ ಇಳಿದವರು ಮೇಲೆ ಬರುತ್ತಿರಲಿಲ್ಲ. ಅದಕ್ಕೆ ಕಲ್ಲು ಸರಿಸಿ, ಹೊತ್ತು ಏರುವವರೆಗೆ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುವುದು ಪದ್ಧತಿ. ದೀಪ ನಿಂತು ಉರಿದರೆ ಇಳಿಯಬಹುದು. ಆದರೆ ಇಳಿಯುವ ಮೊದಲು ಕಂದೀಲನ್ನು ಮೇಲಕ್ಕೆ ಎಳೆದುಬಿಡಬೇಕು. ಒಣಹುಲ್ಲಿನ ನಡುವೆ ದೀಪ ಬಿಟ್ಟರೆ ಜೋಳವೂ ಸುಡುತ್ತದೆ, ಮನುಷ್ಯನೂ ಸುಡುತ್ತಾನೆ. ಇದನ್ನು ಕಾಕಾನಿಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಊಟಕ್ಕೆ ಮೊದಲು ಕೈ ತೊಳೆಯುವುದು ಹೇಗೆ ಬಂತೋ ಹಾಗೆ ಬಂತು.

ಹಗೇವುಗಳು ಹೋಗಿ ಗೋದಾಮುಗಳು ಬಂದವು. ಕಾಕಾ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋದ. ಮದುವೆಯಾದದ್ದು, ಮಗಳು ನರ್ಗೀಸ ಹುಟ್ಟಿದ್ದು, ಅವಳನ್ನು ಬಾದಾಮಿಗೆ ಕೊಟ್ಟದ್ದು, ಎಲ್ಲ ಆ ಕೆಂಪು ಕಲ್ಲಿನ ಧೂಳು ಕುಡಿಯುತ್ತಲೇ. ಕೆಮ್ಮು ಹತ್ತಿತು. ರಾತ್ರಿ ಕಾಕಾ ಕೆಮ್ಮಿದರೆ ಕಿಂಡಿಯ ಈಚೆ ನಮ್ಮ ಅವ್ವ ಸತ್ಯವ್ವ ಎದ್ದು ಕೂಡುತ್ತಿದ್ದಳು. ಆ ಹೊತ್ತಿಗೆ ಬಾಗಲಕೋಟೆ ರಸ್ತೆಯಿಂದ ಸ್ವಲ್ಪ ಒಳಗೆ ವೈನ್ ಕಾರ್ಖಾನೆ ಶುರುವಾಗಿತ್ತು. ಊರವರು ಅದನ್ನು ದ್ರಾಕ್ಷಿ ಫ್ಯಾಕ್ಟರಿ ಎನ್ನುತ್ತಾರೆ. ಅಪ್ಪ ಮೊದಲೇ ಸೇರಿದ್ದ. ಕಾಕಾನನ್ನೂ ಕರೆದ.

"ಹರಾಮದ ಕೆಲಸಾ ಮಾಡವರೇನ ಈಗ?" ಎಂದು ದೌಲತಬಿ ಕಾಕಿ ಕೇಳಿದಳಂತೆ.

"ಕೆಮ್ಮಿ ಸಾಯೂದು ಹಲಾಲ ಏನ?" ಎಂದು ಕಾಕಾ ಹೇಳಿದನಂತೆ.

ಕಾಕಿ ಕೆಲವು ದಿನ ಮಾತು ಬಿಟ್ಟಳು. ಆಮೇಲೆ ಒಂದು ಕರಾರು ಹಾಕಿದಳು: ಆ ಬಟ್ಟೆಯಲ್ಲಿ ಹೊಸ್ತಿಲು ದಾಟಬಾರದು. ಅಂದಿನಿಂದ ಕಾಕಾ ಕೆಲಸದಿಂದ ಬಂದವನು ಅಂಗಳದ ನಳದ ಕೆಳಗೆ ಮೈ ತೊಳೆದು, ಬಟ್ಟೆ ಬದಲಿಸಿ ಒಳಗೆ ಹೋಗುತ್ತಿದ್ದ. ಚಳಿಗಾಲದಲ್ಲೂ ತಪ್ಪಿಸಲಿಲ್ಲ. ಮಸೀದಿಯ ಹಿರಿಯ ಮೀರಾಸಾಬಜ್ಜನನ್ನು ಕೇಳಿದಾಗ ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಬಾಯಿ ಕಾಯ್ಕೋಪಾ," ಎಂದ ಅಷ್ಟೇ.

ಕಾಕಾ ಬಾಯಿ ಕಾದುಕೊಂಡ. ಅಲ್ಲಿ ಮಾಡುವುದು ಕೆಂಪು ವೈನು. ಕರಿ ದ್ರಾಕ್ಷಿಯನ್ನು ಯಂತ್ರದಲ್ಲಿ ತೊಟ್ಟು ಬಿಡಿಸಿ, ಒಡೆದು, ಸಿಪ್ಪೆ ಬೀಜ ಸಮೇತ ಟಾಕಿಗೆ ತುಂಬುತ್ತಾರೆ. ಬೆಂಕಿಯಿಲ್ಲದೆಯೇ ಅದು ಕುದಿಯುತ್ತದೆ. ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಕೆನೆಯ ಹಾಗೆ ಕಟ್ಟುತ್ತದೆ. ಅದನ್ನು ದಿನಕ್ಕೆ ಹಲವು ಸಲ ಉದ್ದ ಕೋಲಿನಿಂದ ಒತ್ತಿ ಮುಳುಗಿಸಬೇಕು, ಇಲ್ಲದಿದ್ದರೆ ರಸಕ್ಕೆ ಬಣ್ಣ ಇಳಿಯುವುದಿಲ್ಲ. ಒತ್ತುವ ಕೆಲಸ ಕಾಕಾ ಮತ್ತು ಅಪ್ಪನದು. ಸುಗ್ಗಿ ಮುಗಿದು ತಿಂಗಳಾದರೂ ಇಬ್ಬರ ಕೈಯಿಂದ ನೇರಳೆ ಬಣ್ಣ ಹೋಗುತ್ತಿರಲಿಲ್ಲ.

"ಲೇ ಶಾಬ್ಯಾ, ಬಟ್ಟು ಒಮ್ಮೆ ನೆಕ್ಕಿದ್ರ ಯಾರ ನೋಡ್ತಾರ?" ಎಂದು ಅಪ್ಪ ಕೆಣಕುತ್ತಿದ್ದ.

"ನೀ ನೋಡ್ತೀ. ನಿನ್ನ ಬಾಯಿ ಅಂದ್ರ ಊರ ಡಂಗುರಾ."

"ಹೇಳಂಗಿಲ್ಲೋ ಮಾರಾಯಾ."

"ನೀ ಹೇಳದ ದಿನಾ ಎಮ್ಮಿ ಹಾರ್ತಾವ."

ಇದನ್ನು ಅಪ್ಪನೇ ಮನೆಯಲ್ಲಿ ನಗುತ್ತ ಹೇಳುತ್ತಿದ್ದ.

ಕಳೆದ ಮಾರ್ಚಿನಲ್ಲಿ ನಡೆದದ್ದು ಹೀಗೆ. ಕಾರ್ಖಾನೆಯ ಹೆಚ್ಚಿನ ಟಾಕಿಗಳು ಸ್ಟೀಲಿನವು, ಕೆಳಗೆ ಬಾಗಿಲು ಇದ್ದವು. ಒಂದು ಮಾತ್ರ ಹಳೆಯ ಸಿಮೆಂಟಿನದು. ಅರ್ಧ ನೆಲದಲ್ಲಿ ಹೂತದ್ದು, ಬಾಯಿ ಮೇಲೆ. ಕಾಕಾ ಅದನ್ನು ಹಗೇವು ಎಂದೇ ಕರೆಯುತ್ತಿದ್ದ. ವೈನನ್ನು ಪೈಪಿನಿಂದ ಬಸಿದುಕೊಂಡ ಮೇಲೆ ತಳದಲ್ಲಿ ಒದ್ದೆ ಸಿಪ್ಪೆಯ ರಾಶಿ ಉಳಿಯುತ್ತದೆ. ಅದನ್ನು ಒಬ್ಬ ಮನುಷ್ಯ ಇಳಿದು ಸಲಿಕೆಯಿಂದ ಬುಟ್ಟಿಗೆ ತುಂಬಿ ಮೇಲೆ ಕಳಿಸಬೇಕು. ಇಳಿಯುವ ಮೊದಲು ಬ್ಲೋವರ್ ಹಚ್ಚಿ ಒಳಗೆ ಹೊಸ ಗಾಳಿ ಊದಬೇಕು, ಕೆಲಸ ಮುಗಿಯುವವರೆಗೂ ಊದುತ್ತಲೇ ಇರಬೇಕು. ಆ ದಿನ ಬ್ಲೋವರ್ ಅದರ ಜಾಗದಲ್ಲಿ ಇರಲಿಲ್ಲ.

"ಸರ, ಬ್ಲೋವರ್ ಇಲ್ರಿ," ಎಂದ ಕಾಕಾ.

"ಪೆಂಡಾಲಿಗೆ ಹಚ್ಚೇವಿ," ಎಂದ ಸುನೀಲಕುಮಾರ. "ಪುಣೆಯಿಂದ ಪಾಹುಣ್ಯಾರು ಬಂದಾರ. ಬಾದಾಮಿ ಗುಡ್ಡ ಹತ್ತಿ ದಣದಾರ, ಸೆಕಿ ಅಂತಾರ."

"ಹಂಗಾರ ನಾಳಿ ಇಳೀತೇನ್ರಿ."

"ನಾಳಿ ಹೊಸಾ ಮಾಲ ಬರ್ತೈತಿ. ಎಲ್ಲಿ ಹಾಕೂಣು, ನಿಮ್ಮ ಮನ್ಯಾಗ? ಹಗೇವಿನ ಮನಿತನದಾಂವ ಅಂತ ದಿನಾ ಹೇಳ್ತಿ. ದೀಪಾ ಬಿಟ್ಟು ನೋಡು, ಇಳಿ."

ಅತಿಥಿಗಳಿಗೆ ಸೆಕೆಯಾಗುತ್ತಿತ್ತು. ಅದಕ್ಕೆ ಮನುಷ್ಯನ ಉಸಿರಿಗೆ ಇಟ್ಟ ಯಂತ್ರವನ್ನು ಪೆಂಡಾಲಿಗೆ ಒಯ್ದಿದ್ದರು.

ಕಾಕಾ ಟಾಕಿಯ ಮುಚ್ಚಳ ತೆರೆದಿಟ್ಟು ಕಾದ. ಕಾವಲುಗಾರನ ಕಂದೀಲು ತಂದು ಇಳಿಬಿಟ್ಟ. ದೀಪ ಅಲುಗದೆ ಉರಿಯಿತು. ಎದೆಗೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಅಪ್ಪನ ಕೈಗೆ ಕೊಟ್ಟ. "ಕಂದೀಲ ಎಳಿ ಮ್ಯಾಲ," ಎಂದ. ಅಪ್ಪ ಎಳೆದ. ಕಾಕಾ ಇಳಿದ.

ತಪ್ಪಾದದ್ದು ಅಲ್ಲಿಯೇ. ಜೋಳ ಸುಮ್ಮನೆ ಇರುತ್ತದೆ. ಹಗೇವಿನ ಕೆಟ್ಟ ಗಾಳಿ ಒಮ್ಮೆ ಹೋಯಿತೆಂದರೆ ಹೋಯಿತು. ಒದ್ದೆ ಸಿಪ್ಪೆ ಹಾಗಲ್ಲ. ವೈನು ಬಸಿದ ಮೇಲೂ ಅದು ಒಳಗೊಳಗೇ ಕುದಿಯುತ್ತಿರುತ್ತದೆ. ಸಲಿಕೆ ಹಾಕಿದಾಗ ಅಡಿಯಲ್ಲಿ ಕೂತ ಕೆಟ್ಟ ಗಾಳಿ ಹೊರಗೆ ಬರುತ್ತದೆ. ಟಾಕಿಯಲ್ಲಿ ಸುಡುವ ಹುಲ್ಲೂ ಇರಲಿಲ್ಲ, ಕಂದೀಲು ಅಲ್ಲೇ ಇದ್ದಿದ್ದರೆ ಆರಿ ಎಚ್ಚರಿಸುತ್ತಿತ್ತೇನೋ. ಇದನ್ನು ಕಾಕಾನಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ಮೇಲೆ ಒಂದು ಎಚ್ಚರಿಕೆಯ ಹಲಗೆ ಇತ್ತು. ಇಂಗ್ಲಿಷಿನಲ್ಲಿತ್ತು.

ಬುಟ್ಟಿಗಳು ಬರುತ್ತಿದ್ದವು. ಒಂದು ಬುಟ್ಟಿ ಬರಲಿಲ್ಲ. ಅಪ್ಪ ಕೂಗಿದ. ಬಗ್ಗಿ ನೋಡಿದರೆ ಕಾಕಾ ಸಿಪ್ಪೆಯ ರಾಶಿಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ಅಪ್ಪ ಹಗ್ಗ ಜಗ್ಗಿದ. ಸುನೀಲಕುಮಾರ ಓಡಿ ಬಂದು ಅವನೂ ಜಗ್ಗಿದ. ಅದನ್ನು ಮುಚ್ಚಿಡುವುದಿಲ್ಲ, ಅವನೂ ಜಗ್ಗಿದ. ಮೇಲೆ ಬಂದ ಕಾಕಾನ ಬಾಯಲ್ಲಿ, ಮೂಗಿನಲ್ಲಿ, ಗಡ್ಡದಲ್ಲಿ ವೈನೇ ವೈನು. ಉಸಿರು ಇದ್ದೂ ಇಲ್ಲದ ಹಾಗಿತ್ತು.

ಕಾರ್ಖಾನೆಯ ಜೀಪಿನಲ್ಲಿ ಬಾಗಲಕೋಟೆಗೆ ಒಯ್ದರು. ದಾರಿಯಲ್ಲಿ ಸುನೀಲಕುಮಾರ ಅಪ್ಪನಿಗೆ ಹೇಳಿದ ಮಾತು ಇದು: "ಕಂದೀಲ ಎಳದಾಂವ ನೀ. ಅಂವ ಸತ್ತರ ಕೇಸ ನಿನ್ನ ಮ್ಯಾಲ ಬರ್ತೈತಿ. ಕುಡದಿದ್ದ ಅಂದ್ರ ಯಾರ ಮ್ಯಾಲೂ ಇಲ್ಲ. ತಿಳೀತಿಲ್ಲೋ?"

ದವಾಖಾನೆಯಲ್ಲಿ ಡಾಕ್ಟರು ಬಗ್ಗಿದರು. ವಾಸನೆ ಬಂತು. ಕುಡಿದಿದ್ದನೇ ಎಂದು ಕೇಳಿದರು. "ಹೌದ್ರಿ, ಕದ್ದು ಕುಡೀತಿದ್ದ. ಜೋಲಿ ತಪ್ಪಿ ಬಿದ್ದಾನ," ಎಂದ ಸುನೀಲಕುಮಾರ. ಡಾಕ್ಟರು ಅಪ್ಪನ ಕಡೆ ನೋಡಿದರು. ಅಪ್ಪ ಗೋಣು ಹಾಕಿದ.

ಕಾಕಾ ಬದುಕಿದ. ಎಡಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಮಾತಾಡುವಾಗ ಕೆಲವು ಶಬ್ದಗಳಿಗೆ ಹುಡುಕಾಡುತ್ತಾನೆ. ಎಚ್ಚರವಾದಾಗ ಅವನು ಮೊದಲು ಕೇಳಿದ್ದು ನೀರು. ಕಾಕಿ ಕುಡಿಸಲು ಹೋದರೆ ತಲೆಯಾಡಿಸಿದ. "ಬಾಯಿ ತೊಳಸ," ಎಂದ. ಅವಳು ತೊಳೆಸಿದಳು. ಮತ್ತೆ ತೊಳೆಸು ಎಂದ. ಕಾಕಿ ಇದನ್ನು ಹೇಳುವಾಗ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಹೇಳಿದಳು.

ಅವನು ಊರಿಗೆ ಬರುವ ಮೊದಲೇ ಸುಳ್ಳು ಊರಿಗೆ ಬಂದಿತ್ತು. ಕೆಲವರು ಸಲಾಂ ಬಿಟ್ಟರು. ಕೆಲವರು ಸಲಾಂ ಹೇಳಿ ಮೂಗು ಮೇಲೆ ಮಾಡಿ ವಾಸನೆ ನೋಡುವ ನಾಟಕ ಮಾಡಿದರು. ಹಿಟ್ಟಿನ ಗಿರಣಿಯಲ್ಲಿ ನಾನು ಸರತಿಯಲ್ಲಿ ನಿಂತಾಗ ಒಬ್ಬಳು, "ಅಂಗಳದಾಗ ಮೈ ತೊಳಕೋತಿದ್ದನಲ್ಲ, ವಾಸನಿ ಹೋಗ್ಲಿ ಅಂತ," ಎಂದು ನಕ್ಕಳು. ಇಷ್ಟು ವರ್ಷ ಅವನು ಚಳಿಯಲ್ಲಿ ನಡುಗಿದ್ದು ಕುಡಿತಕ್ಕೆ ಸಾಕ್ಷಿಯಾಯಿತು. ನನಗೆ ಉತ್ತರ ಗೊತ್ತಿತ್ತು. ಹಿಟ್ಟು ಹೊತ್ತುಕೊಂಡು ಬಂದೆ. ಕಾರ್ಖಾನೆಯವರು, ಕುಡಿದು ಕೆಲಸಕ್ಕೆ ಬರುವವರು ಬೇಡ ಎಂದು ಹೇಳಿ ಕಳಿಸಿದರು. ಅಪ್ಪ ಅಲ್ಲಿಗೇ ದಿನಾ ಕೆಲಸಕ್ಕೆ ಹೋಗುತ್ತಿದ್ದ.

ಒಂದು ದಿನ ಕಾಕಿ ಕಿಂಡಿಯಲ್ಲಿ ಕರೆಯದೆ ಬಾಗಿಲಿಗೇ ಬಂದಳು. ಅಪ್ಪ ಊಟಕ್ಕೆ ಕೂತಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಹುಲ್ಲಪ್ಪಣ್ಣ, ಅವ್ರು ಕುಡದಿದ್ರೇನ?"

ಅಪ್ಪ ತುತ್ತು ಕೈಯಲ್ಲಿ ಹಿಡಿದು ಕೂತ. "ನಾ ಹಂಗ ಹೇಳಿಲ್ಲವಾ."

"ಹೇಳಿಲ್ಲ. ಗೋಣ ಹಾಕಿದಿ. ನರ್ಸಬಾಯಿ ಹೇಳ್ಯಾಳ ನನಗ."

"ಗೋಣ ಹಾಕಿದ್ರ ಹೇಳಿದಂಗ ಏನ?"

"ನನ್ನ ಲಗ್ನದಾಗ ಕಬೂಲ ಏನ ಅಂತ ಕೇಳಿದಾಗ ನಾ ಗೋಣ ಅಷ್ಟ ಹಾಕೇನಿ," ಎಂದಳು ಕಾಕಿ. "ಇಷ್ಟ ವರ್ಷ ಸಂಸಾರ ಮಾಡೇನಿ. ಅದು ಹೇಳಿದಂಗ ಅಲ್ಲೇನ?"

ಅವ್ವ ಅವಳಿಗೆ ಕೂಡಲು ಹೇಳಿದಳು. ಕಾಕಿ ಕೂಡಲಿಲ್ಲ. ಅವಳು ಹೋದ ಮೇಲೆ ಅವ್ವ ಅಪ್ಪನ ಮುಂದಿನ ತಾಟು ಎತ್ತಿಕೊಂಡಳು. "ಇನ್ನೂ ಉಂಡಿಲ್ಲ," ಎಂದ ಅಪ್ಪ. "ಗೊತ್ತೈತಿ," ಎಂದಳು ಅವ್ವ.

ಮೊಹರಂ ಬಂತು. ನಮ್ಮೂರಲ್ಲಿ ಅದನ್ನು ಅಲಾಯಿ ಹಬ್ಬ ಎನ್ನುತ್ತಾರೆ, ಎಲ್ಲ ಮನೆಯವರೂ ಮಾಡುತ್ತಾರೆ. ಮೆರವಣಿಗೆಯಲ್ಲಿ ದೊಡ್ಡ ಪಂಜಾ, ಅಂದರೆ ಕೋಲಿನ ತುದಿಗೆ ಕೂಡಿಸಿದ ಲೋಹದ ಹಸ್ತ, ಹೊರುವವನು ಕಾಕಾ. ಅದನ್ನು ಹೊರುವವನು ಮೈಯಲ್ಲೂ ನಡತೆಯಲ್ಲೂ ಶುದ್ಧ ಇರಬೇಕು, ಕುಡುಕ ಮುಟ್ಟುವ ಹಾಗಿಲ್ಲ. ಈ ಸಲ ಮಸೀದಿಯ ಹುಡುಗರು ತಮ್ಮೊಳಗಿನವನೇ ಆದ ಅರ್ಬಾಜನ ಹೆಸರು ಹೇಳಿದರು. ಕಾಕಾ ಕೇಳಿಸಿಕೊಂಡ. ಮೀರಾಸಾಬಜ್ಜನ ಮನೆಗೆ ಹೋಗಿ, "ನನ್ನ ತಗೀತೀರಿ ಅಂದ್ರ ತಗೀರಿ. ಆದ್ರ ಮಂದಿ ಕೂಡಿಸಿ, ನನ್ನ ಮುಂದ ಹೇಳಿ ತಗೀರಿ," ಎಂದ.

ಮಧ್ಯಾಹ್ನದ ನಮಾಜಿನ ನಂತರ ಮಸೀದಿಯ ಕಟ್ಟೆಗೆ ಮಂದಿ ಕೂಡಿದರು. ಮುಸಲ್ಮಾನರೂ ಇದ್ದರು, ನಮ್ಮವರೂ ಇದ್ದರು. ಹೆಂಗಸರು ಬೇವಿನ ಗಿಡದ ಆಚೆ ನಿಂತೆವು.

ಮೀರಾಸಾಬಜ್ಜ ಕೇಳಿದ, "ಶಾಬುದ್ದೀನ, ಬಾಯಾಗ ಅದು ಇತ್ತಂತ ಡಾಕ್ಟರ ಹೇಳ್ಯಾರ. ಹೌದೋ ಅಲ್ಲೋ?"

"ಇತ್ತು," ಎಂದ ಕಾಕಾ. "ಎಚ್ಚರಿಲ್ಲದಾಂವನ ಬಾಯಾಗ ಮಣ್ಣೂ ಹೋಗ್ತೈತಿ. ಅಂವ ಮಣ್ಣು ತಿಂದಾ ಅಂತೀರೇನ?"

ಯಾರೋ ಹಿಂದಿನಿಂದ, "ಎಷ್ಟ ಚಲೋ ಮಾತಾಡ್ತಾನ ನೋಡ್ರಿ, ಇನ್ನೂ ಇಳದಿಲ್ಲ ಕಾಣ್ತೈತಿ," ಎಂದ. ಕೆಲವರು ನಕ್ಕರು. ಕಾಕಾ ತಿರುಗಿ ನೋಡಿದ. ನಗು ನಿಂತಿತು.

"ಹುಲ್ಲಪ್ಪ ಅಲ್ಲಿದ್ದ," ಎಂದ ಮೀರಾಸಾಬಜ್ಜ. "ಅಂವನ್ನ ಕೇಳೂಣು."

ನಮ್ಮ ಕಡೆಯ ಹಿರಿಯರೊಬ್ಬರು, "ಬೀರಪ್ಪನ ಗುಡಿಯಿಂದ ಭಂಡಾರ ತರಸ್ರಿ. ಮುಟ್ಟಿ ಹೇಳ್ಲಿ," ಎಂದರು. ಭಂಡಾರವೆಂದರೆ ದೇವರ ಅರಿಶಿಣ. ಅದನ್ನು ಕೈಯಲ್ಲಿ ಹಿಡಿದು ನಮ್ಮವರು ಯಾರೂ ಸುಳ್ಳು ಹೇಳುವುದಿಲ್ಲ. ಒಬ್ಬ ಹೊರಟೇಬಿಟ್ಟ.

"ತರಬ್ಯಾಡ್ರಿ," ಎಂದ ಕಾಕಾ.

ಎಲ್ಲರೂ ಅವನನ್ನೇ ನೋಡಿದರು. ಭಂಡಾರ ಬಂದರೆ ಅಪ್ಪ ಸುಳ್ಳು ಹೇಳಲಾರ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಕಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಭಂಡಾರ ಮುಟ್ಟಿದ್ರ ಅಂವ ಖರೆ ಹೇಳ್ತಾನ, ನನಗ ಗೊತ್ತೈತಿ. ದೇವರ ಅಂಜಿಕಿಗೆ ಹೇಳಿದ ಮಾತು ನನಗ ಬ್ಯಾಡ. ನನ್ನ ಜೋಡಿ ಉಂಡಾನ, ನನ್ನ ಜೋಡಿ ಹೊಡಸಿಕೊಂಡಾನ. ಬರೇ ಕೈಲೆ ಹೇಳ್ಲಿ. ಹೇಳದಿದ್ರ ಪಂಜಾ ಅರ್ಬಾಜಗ ಕೊಡ್ರಿ, ನಾ ಮನಿಗೆ ಹೋಗ್ತೇನಿ."

ಅಪ್ಪ ಎದ್ದು ನಿಂತ. ಅವನ ಕೈಗಳು ಅರಿವೆಯನ್ನು ಹಿಂಡುತ್ತಿದ್ದವು. "ನನಗ ಸರಿ ಕಾಣಲಿಲ್ಲ," ಎಂದ. "ಹೊಗಿ ಹೊಗಿ ಆಗಿತ್ತು..."

ಟಾಕಿಯಲ್ಲಿ ಹೊಗೆ ಇರಲಿಲ್ಲ. ಕಟ್ಟೆಯ ಮೇಲೆ ಕೂತ ಬೇರೆ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಕಾಕಾನಿಗೆ ಗೊತ್ತಿತ್ತು. ಅವನು ಎದ್ದು ಚಪ್ಪಲಿಗೆ ಕಾಲು ಹಾಕಿದ. ಎಡಗೈಯಿಂದ ಕಟ್ಟೆಯನ್ನು ಹಿಡಿಯಲು ಹೋಗಿ, ಹಿಡಿತ ಸಿಗದೆ ಜಾರಿದ.

"ಕುಡದಿದ್ದಿಲ್ಲ," ಎಂದ ಅಪ್ಪ.

ಧ್ವನಿ ಸಣ್ಣದಾಗಿತ್ತು. ಮೀರಾಸಾಬಜ್ಜ, "ಜೋರ ಹೇಳು," ಎಂದ.

"ಅಂವ ಕುಡದಿದ್ದಿಲ್ರಿ. ಹುಟ್ಟಾ ಕುಡದಿಲ್ಲ. ಬ್ಲೋವರ್ ಪೆಂಡಾಲಿಗೆ ಒಯ್ದಿದ್ರು. ನಾಳಿ ಇಳೀತೇನಿ ಅಂದ, ಮ್ಯಾನೇಜರ ಬಿಡಲಿಲ್ಲ. ಕಂದೀಲ ನಾ ಎಳದೆ. ಕೇಸ ಆಗ್ತೈತಿ ಅಂದ್ರು, ಅಂಜಿ ಗೋಣ ಹಾಕಿದೆ." ಆಮೇಲೆ ಕಾಕಾನ ಕಡೆ ತಿರುಗಿ, "ನೀ ಎಳಿ ಅಂದಿ, ನಾ ಎಳದೆ. ಅಷ್ಟ ಮಾಡೇನಿ ಶಾಬ್ಯಾ," ಎಂದ.

"ಕಂದೀಲ ನಾನ ಎಳಸೇನಿ. ಅದು ನನ್ನ ತಪ್ಪು," ಎಂದ ಕಾಕಾ. "ಅದಕ್ಕ ನಿನ್ನ ಮ್ಯಾಲ ಸಿಟ್ಟಿಲ್ಲ."

ಸಿಟ್ಟು ಯಾವುದಕ್ಕೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೀರಾಸಾಬಜ್ಜ ಗಡ್ಡ ನೀವಿಕೊಂಡು, "ಆತು ಬಿಡು. ಪಂಜಾ ನೀನ ಹಿಡಿ," ಎಂದ. ಮಂದಿ ಏಳಲು ಶುರುಮಾಡಿದರು. ಮೂರು ತಿಂಗಳ ಸುಳ್ಳು ಮೂರು ಮಾತಿನಲ್ಲಿ ಮುಗಿದ ಹಾಗೆ ಬಟ್ಟೆ ಝಾಡಿಸಿಕೊಂಡು ಏಳುತ್ತಿದ್ದರು. ನಕ್ಕವರು ಎಲ್ಲರಿಗಿಂತ ಮೊದಲು ಎದ್ದರು.

"ಕೂಡ್ರಿ," ಎಂದ ಕಾಕಾ. "ಇನ್ನೂ ಆಗಿಲ್ಲ. ಹುಲ್ಲ್ಯಾ, ನೀ ಬಾಗಲಕೋಟ್ಯಾಗ ಗೋಣ ಹಾಕಿದಿ. ಇಲ್ಲಿ ಬಾಯಿ ತೆರದ್ರ ಏನ ಬಂತು? ಅಲ್ಲೇ ಹೋಗಿ ತೆರಿ. ನಾನೂ ಬರ್ತೇನಿ. ಅದಾದ ಮ್ಯಾಲ ಪಂಜಾ."

"ಕೆಲಸಾ ಹೋಗ್ತೈತಿ," ಎಂದ ಅಪ್ಪ.

"ನಂದು ಹೋಗಿಲ್ಲೇನ?"

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವರಿಬ್ಬರೂ ಹೋದರು. ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ಅಪ್ಪ ನಡುವೆ ಎಲ್ಲಾದರೂ ಇಳಿದುಬಿಟ್ಟಾನು ಎಂದು ಅವಳಿಗೆ ಅನುಮಾನ. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಕಾರ್ಖಾನೆಯ ತಿರುವು ಬಂದಾಗ ಅಪ್ಪ ಕಿಟಕಿಯ ಕಡೆ ನೋಡಲಿಲ್ಲ. ಅವನ ಕೆಲಸ ಅದೇ ವಾರ ಹೋಯಿತು. ಸುನೀಲಕುಮಾರ ಅಲ್ಲೇ ಇದ್ದಾನೆ. ಟಾಕಿಯೂ ಇದೆ.

ದವಾಖಾನೆಯಲ್ಲಿ ಸರತಿ ಉದ್ದ ಇತ್ತು. ನಮ್ಮ ಸರದಿ ಬಂದಾಗ ಡಾಕ್ಟರು ಕಾಕಾನ ಕೈ ನೋಡಲು ಮುಂದೆ ಬಂದರು. ಕಾಕಾ ಕೈ ಕೊಡಲಿಲ್ಲ.

"ನಂದಲ್ರಿ. ಇಂವಂದೈತಿ," ಎಂದು ಅಪ್ಪನನ್ನು ಮುಂದೆ ಮಾಡಿದ.

ಅಪ್ಪ ತಡವರಿಸುತ್ತ ಶುರುಮಾಡಿದ. ಡಾಕ್ಟರಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ಹೊರಗಿನ ಸರತಿಯನ್ನು ನೋಡಿ, "ಆಗಿ ಇಷ್ಟ ದಿನಾ ಆತು. ಈಗ ನಾ ಏನ ಮಾಡ್ಲಿ?" ಎಂದರು. ಕೆಟ್ಟ ಮಾತಿನಲ್ಲಿ ಕೇಳಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

"ಏನೂ ಮಾಡಬ್ಯಾಡ್ರಿ," ಎಂದ ಕಾಕಾ. "ಕೇಳ್ರಿ, ಅಷ್ಟ."

ಬಾಗಿಲು ತೆರೆದೇ ಇತ್ತು. ಸರತಿಯಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಕಾಕಾ ಬಾಗಿಲು ಹಾಕಲು ಬಿಡಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಅಪ್ಪ ಮೊದಲಿನಿಂದ ಹೇಳತೊಡಗಿದ. ದನಿ ಇಳಿದಾಗಲೆಲ್ಲ ಕಾಕಾ, "ಜೋರ," ಎನ್ನುತ್ತಿದ್ದ.